ಕೈಯಲ್ಲಿ ಕಳಿಸಿದ ಓಟು

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವ ಚಾಳಿ ನನಗಿದೆ, ಹೆಂಡತಿ ಅದನ್ನು ದಿನಾ ಎತ್ತಿ ಆಡುತ್ತಾಳೆ. ಇದನ್ನೂ ಹಾಗೇ ಶುರು ಮಾಡಿದರೆ ನಡುವೆ ಎಲ್ಲೋ ನುಣುಚಿಕೊಂಡು ಹೋದೇನು ಎಂಬ ಹೆದರಿಕೆ. ೧೯೯೬ರಲ್ಲಿ, ದೋಹಾದಲ್ಲಿ, ಸ್ಪೇನ್ ದೇಶದ ಒಬ್ಬರ ಓಟನ್ನು ನಾನು ಹಾಳು ಮಾಡಿದೆ. ಹಾಳು ಮಾಡಿ ಸುಳ್ಳು ಹೇಳಿದೆ. ಸುಳ್ಳು ಹೇಳಿದ ಮೇಲೆ ಅದಕ್ಕಿಂತ ಹೇಸಿಗೆಯ ಇನ್ನೊಂದು ಕೆಲಸ ಮಾಡಿದೆ. ಬರೆಯಲು ಕೂತರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಆಫೀಸು ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಇತ್ತು. ಸ್ಪೇನಿನಿಂದ ನೆಲದ ಟೈಲ್ಸ್ ತರಿಸಿ ದೊಡ್ಡ ದೊಡ್ಡ ಮನೆಗಳಿಗೆ ಹಾಕಿಸಿಕೊಡುವ ಕಂಪನಿ. ನಾನು ಅಲ್ಲಿ ಕ್ಲರ್ಕು. ಫೈಲು ಇಡುವುದು, ಫ್ಯಾಕ್ಸು ಕಳಿಸುವುದು ನನ್ನ ಕೆಲಸ. ಇವೆಲ್ಲಕ್ಕಿಂತ ದೊಡ್ಡದು ಪೋಸ್ಟ್ ಬಾಕ್ಸಿನ ಕೀಲಿಕೈ. ದೋಹಾದಲ್ಲಿ ಅಂಚೆಯವನು ಬಾಗಿಲಿಗೆ ಬಂದು ಕಾಗದ ಕೊಡುವ ಪದ್ಧತಿ ಇಲ್ಲ. ಎಲ್ಲರ ಕಾಗದವೂ ಅಂಚೆ ಕಚೇರಿಯ ಗೋಡೆಯಲ್ಲಿರುವ ಪುಟ್ಟ ಪೆಟ್ಟಿಗೆಗಳಿಗೆ ಬಂದು ಬೀಳಬೇಕು, ಕೀಲಿ ಇದ್ದವನು ಹೋಗಿ ತರಬೇಕು. ಊರಲ್ಲಿ ಅಜ್ಜಿ ಅಕ್ಕಿಯ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳಲ್ಲ, ಅಷ್ಟೇ ಜಂಬದಿಂದ ನಾನು ಈ ಕೀಲಿಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದೆ. ಅದಕ್ಕಾಗಿ ಆಫೀಸಿನವರೆಲ್ಲ ನನ್ನನ್ನು ಸ್ವಲ್ಪ ಓಲೈಸಬೇಕಿತ್ತು. ಓಲೈಸದವರ ಕಾಗದ ಒಂದು ದಿನ ತಡವಾಗಿ ಸಿಗುತ್ತಿತ್ತು. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಟೈಲ್ಸ್ ಹಾಕಿಸುವ ಉಸ್ತುವಾರಿಗೆ ಸ್ಪೇನಿನಿಂದಲೇ ಬಂದ ಒಬ್ಬ ಇಂಜಿನಿಯರ್ ಇದ್ದರು. ಐವತ್ತು ದಾಟಿದ ವಯಸ್ಸು, ಕುಳ್ಳು, ಬೋಳು ತಲೆ, ದೊಡ್ಡ ಕೈಗಳು. ಹಾಕಿ ಮುಗಿದ ನೆಲದ ಮೇಲೆ ಮಂಡಿಯೂರಿ ಕೂತು ಒಂದೊಂದು ಟೈಲನ್ನೂ ನಾಣ್ಯದಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಟೊಳ್ಳು ಸದ್ದು ಬಂದರೆ ಮುಗಿಯಿತು, ಯಾರು ಏನೇ ಹೇಳಲಿ, ಕಿತ್ತು ಮತ್ತೆ ಹಾಕಬೇಕು. ಕೆಲಸದವರು ಬೆನ್ನ ಹಿಂದೆ ಬೈಯುತ್ತಿದ್ದರು. ನನಗೆ ಮಾತ್ರ ಅವರು ಮೆಚ್ಚು, ಯಾಕೆಂದರೆ ನನ್ನನ್ನು ಮನುಷ್ಯ ಎಂದು ಲೆಕ್ಕಕ್ಕೆ ಇಟ್ಟುಕೊಂಡು ಮಾತಾಡುತ್ತಿದ್ದ ಮೇಲಿನವರು ಅವರೊಬ್ಬರೇ. ಅವರ ಇಂಗ್ಲಿಷೂ ನನ್ನದರಷ್ಟೇ ಮುರುಕು. ಸಿಗದ ಮಾತಿಗೆ ಇಬ್ಬರೂ ಅರಬ್ಬಿ ಹಾಕಿ ಸುಧಾರಿಸುತ್ತಿದ್ದೆವು: ನಡಿ ಅನ್ನಲು ಯಲ್ಲಾ, ಮುಗಿಯಿತು ಅನ್ನಲು ಖಲಾಸ್, ನಾಳೆ ಅನ್ನಲು ಬುಕ್ರಾ, ಗೆಳೆಯಾ ಅನ್ನಲು ಹಬೀಬಿ.

ಸ್ಯಾಂಪಲ್ ಟೈಲ್ಸ್ ಬರುತ್ತಿದ್ದದ್ದು ಅವರ ದೇಶದ ಹಳೆಯ ಪತ್ರಿಕೆಗಳಲ್ಲಿ ಸುತ್ತಿಕೊಂಡು. ಪೆಟ್ಟಿಗೆ ಬಿಚ್ಚಿದ ಕೂಡಲೇ ಅವರು ಟೈಲ್ಸನ್ನು ಬದಿಗಿಟ್ಟು ಮುದುರಿದ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಅದೇ ಟೈಲಿನಿಂದ ಇಸ್ತ್ರಿ ಮಾಡಿದ ಹಾಗೆ ಉಜ್ಜಿ ನೀಟು ಮಾಡಿ ಓದುತ್ತಿದ್ದರು. ಎರಡು ಮೂರು ತಿಂಗಳು ಹಳೆಯ ಸುದ್ದಿ. ಓದುತ್ತ ಓದುತ್ತ ಮುಖ ಕೆಂಪಾಗುತ್ತಿತ್ತು. ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದೆ. ಹಾಗೆ ನಿಂತು ನಿಂತೇ ಸ್ಪೇನಿನ ರಾಜಕೀಯ ನನಗೆ ನಮ್ಮ ತಾಲೂಕಿನ ರಾಜಕೀಯಕ್ಕಿಂತ ಚೆನ್ನಾಗಿ ಗೊತ್ತಾಯಿತು.

ಅವರ ಅಪ್ಪ ಟೈಲ್ಸ್ ಸುಡುವ ಗೂಡಿನಲ್ಲಿ ಕೆಲಸಕ್ಕಿದ್ದವರು, ಹುಟ್ಟಾ ಸಮಾಜವಾದಿ. ಯೌವನದಲ್ಲಿ ಒಮ್ಮೆ ಓಟು ಹಾಕಿದ್ದರಂತೆ. ಅದೇ ವರ್ಷ ದೇಶದೊಳಗೇ ಯುದ್ಧ ಹತ್ತಿಕೊಂಡಿತು. ಯುದ್ಧ ಗೆದ್ದ ಸೇನಾಧಿಕಾರಿ ಸಾಯುವ ತನಕ ಕುರ್ಚಿ ಬಿಡಲಿಲ್ಲ. ಗುಟ್ಟಾಗಿ ಕರಪತ್ರ ಹಂಚಿದ್ದಕ್ಕೆ ಅಪ್ಪನಿಗೆ ಮೂರು ವರ್ಷ ಜೈಲು. ಕೊನೆಗೆ ಸರ್ವಾಧಿಕಾರಿ ಸತ್ತು, ಎಪ್ಪತ್ತೇಳರಲ್ಲಿ ಮೊದಲ ಚುನಾವಣೆ ಬಂದಾಗ ಅಪ್ಪನಿಗೆ ತಲೆ ಪೂರಾ ಹಣ್ಣಾಗಿತ್ತು. ಮದುವೆಯ ಕೋಟು ಹಾಕಿಕೊಂಡು ಹೊರಟರಂತೆ, ಗುಂಡಿ ಹತ್ತಲಿಲ್ಲ. ಮೂವತ್ತು ದಾಟಿದ್ದ ಮಗನಿಗೂ ಅದೇ ಮೊದಲ ಓಟು. ಅಪ್ಪ ಮಗ ಒಂದೇ ಸಾಲಿನಲ್ಲಿ ನಿಂತರು. ಎಂಬತ್ತೆರಡರಲ್ಲಿ ಅಪ್ಪನ ಪಕ್ಷವೇ ಗೆದ್ದು ಸರಕಾರ ಮಾಡಿತು. ಅಪ್ಪ ಬಟ್ಟಲಲ್ಲಿ ಊಟ ಬಿಟ್ಟು ಬೀದಿಗೆ ಓಡಿದರು. ಅದಾದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಹೋಗುವ ಮೊದಲು ಮಗನಿಗೆ ಹೇಳಿದ್ದು ಒಂದೇ ಮಾತು: ಯಾವ ಚುನಾವಣೆಯನ್ನೂ ತಪ್ಪಿಸಬೇಡ.

"ಒಂದನ್ನೂ ತಪ್ಪಿಸಿಲ್ಲ," ಎಂದು ಇಂಜಿನಿಯರ್ ಬೆರಳು ಎತ್ತಿ ಹೇಳುತ್ತಿದ್ದರು. "ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾಳೆ, ಹಾಕಿದೆಯಾ ಅಂತ."

ನನಗೆ ಇದೆಲ್ಲ ಸ್ವಲ್ಪ ಅತಿಯಾಯಿತು ಅನಿಸುತ್ತಿತ್ತು. ಒಂದು ದಿನ ನಾನೂ ನನ್ನ ಪ್ರತಾಪ ಹೇಳಿಕೊಂಡೆ. ನಾನು ಊರು ಬಿಟ್ಟು ಎಷ್ಟೋ ವರ್ಷವಾದರೂ ನನ್ನ ಓಟು ಒಮ್ಮೆಯೂ ತಪ್ಪಿಲ್ಲ, ನನ್ನ ತಮ್ಮ ಮಧ್ಯಾಹ್ನ ಹೋಗಿ ನನ್ನದನ್ನೂ ಹಾಕಿ ಬರುತ್ತಾನೆ, ಬೂತಿನಲ್ಲಿ ಕೂತವರೆಲ್ಲ ನಮ್ಮವರೇ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಲೋಟವನ್ನು ಕೆಳಗಿಟ್ಟರು.

"ನಿನ್ನ ಓಟು ಯಾರಿಗೆ ಬಿತ್ತು?"

"ಗೊತ್ತಿಲ್ಲ ಸರ್. ಕೇಳಲಿಲ್ಲ."

"ಅಂದರೆ ನಿನ್ನ ಬಾಯಿಂದ ಇನ್ನೊಬ್ಬ ಮಾತಾಡಿದ. ಏನು ಹೇಳಿದ ಅಂತ ನೀನು ಕೇಳಲೂ ಇಲ್ಲ."

ನಾನು ಹಲ್ಲು ಕಿರಿದೆ. ಈ ಬಿಳಿಯರಿಗೆ ಎಲ್ಲದರಲ್ಲೂ ಒಂದು ನಾಟಕ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ವರ್ಷ ಅವರ ಚುನಾವಣೆ ಮಾರ್ಚ್ ಮೊದಲ ವಾರಕ್ಕೆ ಬಿದ್ದಿತ್ತು. ಅವರ ದೇಶದಲ್ಲಿ ಹೊರಗೆ ನೆಲೆಸಿದವರಿಗೂ ಓಟು ಉಂಟು. ಮೊದಲೇ ಹೆಸರು ಬರೆಸಿಟ್ಟವರಿಗೆ ಚೀಟಿಗಳು ಅಂಚೆಯಲ್ಲಿ ಬರುತ್ತವೆ, ವಾಪಸು ರಿಜಿಸ್ಟರ್ ಮಾಡಿ ಕಳಿಸಬೇಕು. ನಾವಾದರೋ, ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದ ದಿನವೇ ದೇಶದ ಲೆಕ್ಕದಿಂದ ಬಿಟ್ಟುಹೋದವರು. ಫೆಬ್ರವರಿಯಲ್ಲಿ, ರಂಜಾನಿನ ಉಪವಾಸ ಮುಗಿಯುತ್ತ ಬಂದಾಗ, ಅವರ ದಪ್ಪ ಲಕೋಟೆ ಬಂತು. ಆ ದಿನ ತಡ ಮಾಡದೆ ತಂದುಕೊಟ್ಟೆ, ನಿಜ.

ಅವರು ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಒಂದಲ್ಲ, ಎರಡಲ್ಲ, ಇಸ್ಪೀಟು ಎಲೆ ಹಾಕಿದ ಹಾಗೆ ಚೀಟಿಗಳು. ಅಲ್ಲಿ ಒಂದೇ ಕಾಗದದ ಮೇಲೆ ಎಲ್ಲ ಪಕ್ಷಗಳ ಚಿಹ್ನೆ ಇಟ್ಟು ಮುದ್ರೆ ಒತ್ತುವ ಕ್ರಮವಲ್ಲ. ಒಂದೊಂದು ಪಕ್ಷಕ್ಕೆ ಒಂದೊಂದು ಚೀಟಿ. ಬೇಕಾದ್ದನ್ನು ಆರಿಸಿ ಸಣ್ಣ ಕವರಿನಲ್ಲಿ ಹಾಕಿ ಅಂಟಿಸಬೇಕು. ಅದನ್ನು ಹೆಸರಿನ ದಾಖಲೆಯೊಂದಿಗೆ ದೊಡ್ಡ ಕವರಿನಲ್ಲಿ ಹಾಕಬೇಕು.

"ನಮ್ಮಪ್ಪನ ಪಕ್ಷ ಇದು," ಎಂದು ಒಂದು ಚೀಟಿ ತೋರಿಸಿದರು. ಆಮೇಲೆ ನನ್ನ ಮುಖ ನೋಡಿ, "ನೀನು ಸ್ವಲ್ಪ ಹೊರಗೆ ಇರು ಹಬೀಬಿ," ಎಂದರು.

ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಒಳಗೇ ಇದ್ದರು. ಒಂದು ಚೀಟಿ ಆರಿಸಲು ಅಷ್ಟು ಹೊತ್ತೇ? ನಾನೂ ನಮ್ಮ ಟೈಪಿಸ್ಟೂ ಮುಖ ಮುಖ ನೋಡಿ ನಕ್ಕೆವು. ಬಾಗಿಲು ತೆರೆದಾಗ ಕಸದ ಬುಟ್ಟಿಯ ತುಂಬ ಉಗುರಿನಷ್ಟು ಸಣ್ಣಗೆ ಹರಿದ ಕಾಗದ. ದೊಡ್ಡ ಕವರನ್ನು ನನ್ನ ಎರಡೂ ಕೈಗೆ ಕೊಟ್ಟರು, ಮಗುವನ್ನು ಕೊಟ್ಟ ಹಾಗೆ.

"ರಿಜಿಸ್ಟರ್. ಇವತ್ತೇ. ರಸೀದಿ ತಂದು ಕೊಡು."

"ಆಯ್ತು ಸರ್," ಅಂದೆ.

ಹೋಗಲಿಲ್ಲ. ದೊಡ್ಡ ಕಾರಣ ಏನೂ ಇಲ್ಲ, ಸೋಮಾರಿತನ. ರಂಜಾನಿನಲ್ಲಿ ಆಫೀಸು ಬೇಗ ಬಿಡುತ್ತದೆ. ನಾನು ಉಪವಾಸದವನಲ್ಲದಿದ್ದರೂ ಆ ಅಭ್ಯಾಸ ನನಗೆ ಯಾರಿಗಿಂತ ಚೆನ್ನಾಗಿ ಹತ್ತಿತ್ತು. ಮಧ್ಯಾಹ್ನ ಬಿನ್ ಒಮ್ರಾನ್ ಬಡಾವಣೆಯ ನನ್ನ ರೂಮಿಗೆ ಬಂದು ಕಂಬಳಿ ಎಳೆದರೆ ಸಂಜೆಯೇ ಏಳುವುದು. ಕವರನ್ನು ಡ್ರಾಯರಿನಲ್ಲಿಟ್ಟೆ. ನಾಳೆ ಅಂದೆ. ನಾಳೆ ಅಂಚೆಯ ಸಾಲು ಬಾಗಿಲಿನಾಚೆ ಬಂದಿತ್ತು, ವಾಪಸು ಬಂದೆ. ಮತ್ತೊಂದು ನಾಳೆ ಶುಕ್ರವಾರ. ಅಷ್ಟರಲ್ಲಿ ಹಬ್ಬ ಬಂತು. ಈದ್ ರಜೆ ಅಂದರೆ ಒಂದು ದಿನವೇ? ಅಂಚೆ ಕಚೇರಿಯ ಬಾಗಿಲಲ್ಲಿ ರಜೆಯ ಬೋರ್ಡು ನೋಡಿ ಬೆರಳು ಮಡಿಸಿ ದಿನ ಎಣಿಸಿದೆ. ರಜೆ ಮುಗಿದ ಮೇಲೆ ಹಾಕಿದರೆ ಚುನಾವಣೆಗೆ ಮುಟ್ಟುವ ಹಾಗಿರಲಿಲ್ಲ.

ಹಬ್ಬದ ಊಟಕ್ಕೆ ಬಿನ್ ಒಮ್ರಾನಿನಲ್ಲೇ ಇದ್ದ ಒಬ್ಬ ಹಾಜಿಯವರ ಮನೆಗೆ ಹೋಗಿದ್ದೆ. ನಮ್ಮ ಮಂಗಳೂರು ಕಡೆಯ ಬ್ಯಾರಿ ವ್ಯಾಪಾರಸ್ಥರು. ಕೇಸರಿ, ಬಾದಾಮಿ, ಏಲಕ್ಕಿಯ ಅಂಗಡಿ. ಹಿಂದೂವೋ ಮುಸ್ಲಿಮೋ ಎಂದು ನೋಡದೆ ನಮ್ಮ ಕಡೆಯ ಹುಡುಗರನ್ನೆಲ್ಲ ಹಬ್ಬಕ್ಕೆ ಕರೆಯುತ್ತಿದ್ದರು. ಬಿರಿಯಾನಿ ಬಡಿಸುತ್ತ ಅವರೇ ಹೇಳಿದರು: "ನಾಡಿದ್ದು ನಾನು ಸ್ಪೇನಿಗೆ ಹೋಗುವುದು ಮಾರಾಯ. ಕೇಸರಿ ನೋಡಲಿಕ್ಕೆ. ವರ್ಷಕ್ಕೊಮ್ಮೆ ಹೋಗದಿದ್ದರೆ ಕಲಬೆರಕೆ ಕೊಡ್ತಾರೆ."

ದೇವರೇ ಬಾಗಿಲು ತೆರೆದ ಅಂದುಕೊಂಡೆ.

ಇಲ್ಲಿ ಗಲ್ಫಿನ ನಮ್ಮ ಒಂದು ಪದ್ಧತಿ ಹೇಳಬೇಕು. ನಮಗೆ ಅಂಚೆಯ ಮೇಲೆ ನಂಬಿಕೆಯೇ ಇರಲಿಲ್ಲ. ಊರಿಗೆ ಯಾರು ಹೊರಟರೂ ಹಿಂದಿನ ದಿನ ಅವರ ರೂಮಿನಲ್ಲಿ ಸಂತೆ. ಕಾಗದ, ಮಾತು ತುಂಬಿಸಿದ ಕ್ಯಾಸೆಟ್ಟು, ಮಗುವಿಗೆ ಅಂಗಿ, ಅಪ್ಪನಿಗೆ ಮುಲಾಮು, ಎಲ್ಲ ಅವರ ಕೈಯಲ್ಲೇ. ಕೈಯಲ್ಲಿ ಕಳಿಸುವ ಕಾಗದಕ್ಕೆ ಅಂಟು ಹಾಕಬಾರದು, ಹಾಕಿದರೆ ಒಯ್ಯುವವರ ಮೇಲೆ ನಂಬಿಕೆ ಇಲ್ಲ ಎಂದರ್ಥ. ಒಯ್ಯುವವರು ಅದನ್ನು ಓದಿದರೆ ಮಹಾಪಾಪ. ಅಂಚೆಗೆ ಹಾಕಿದ್ದು ಕಳೆದುಹೋಗಬಹುದು, ಕೈಯಲ್ಲಿ ಕೊಟ್ಟದ್ದು ಕಳೆಯುವುದಿಲ್ಲ. ನಮ್ಮೊಳಗೆ ಅದು ರಿಜಿಸ್ಟರಿಗಿಂತ ಮೇಲು. ಹಾಗಾಗಿ ಅವರ ಓಟನ್ನು ಕೈಯಲ್ಲಿ ಕಳಿಸಿದಾಗ ತಪ್ಪು ಮಾಡಿದೆ ಅನಿಸಲೇ ಇಲ್ಲ. ತಪ್ಪು ಸರಿಮಾಡಿದೆ, ಅದೂ ಒಂದು ಕೈ ಮೇಲಾಗಿ, ಎಂದೇ ನಂಬಿದ್ದೆ.

ಹಾಜಿಯವರು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಂಟು ಹಾಕಿಯಾಗಿದೆ. ಒಳಗೆ ಎಂತ ಉಂಟು?"

"ಓಟು."

"ಓಟಾ? ಎಂತ ತಮಾಷೆ ಮಾಡ್ತೀಯಾ?"

ವಿಷಯ ಹೇಳಿದೆ. ನಾನು ತಡ ಮಾಡಿದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವರು ಕವರಿನ ಮೇಲಿನ ಊರಿನ ಹೆಸರನ್ನು ಅಕ್ಷರ ಕೂಡಿಸಿ ಓದಿ, "ನಾನು ಹೋಗುವಲ್ಲಿಂದ ರೈಲಿನಲ್ಲಿ ಹೋಗಬೇಕು. ಹೋಗುವ. ಮನುಷ್ಯ ನಂಬಿ ಕೊಟ್ಟದ್ದಲ್ಲವಾ," ಎಂದು ಜುಬ್ಬದ ಒಳಜೇಬಿಗೆ ಹಾಕಿಕೊಂಡರು.

ರಜೆ ಮುಗಿದ ಮೊದಲ ದಿನವೇ ಇಂಜಿನಿಯರ್ ಕೇಳಿದರು, "ರಸೀದಿ?"

"ಫೈಲಿನಲ್ಲಿ ಇಟ್ಟಿದ್ದೇನೆ ಸರ್. ಜೋಪಾನವಾಗಿ."

"ಖಲಾಸ್," ಎಂದು ನನ್ನ ಬೆನ್ನು ತಟ್ಟಿದರು. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಸೋಜಿಗ. ಹಾಜಿಯವರು ವಾಪಸು ಬಂದು ಕೊಟ್ಟಾಯಿತು ಅಂದ ಕೂಡಲೇ ನಿಜ ಹೇಳಿ ನಗಿಸೋಣ ಎಂದಿದ್ದೆ.

ಚುನಾವಣೆಯ ಮರುದಿನ ಅವರು ಕಣ್ಣು ಕೆಂಪು ಮಾಡಿಕೊಂಡು ಬಂದರು. ಸಣ್ಣ ರೇಡಿಯೊ ಕಿವಿಗೆ ಒತ್ತಿಕೊಂಡು ನಿದ್ದೆಗೆಟ್ಟಿದ್ದರು. ಅಪ್ಪನ ಪಕ್ಷ ಸೋತಿತ್ತು. ಹೀನಾಯವಾಗಿ ಅಲ್ಲ, ಕೂದಲೆಳೆಯಷ್ಟರಲ್ಲಿ. ಗೆದ್ದ ಬಲಪಂಥದವರಿಗೂ ಸ್ವಂತ ಬಲ ಸಾಲದೆ ಪ್ರಾಂತೀಯ ಪಕ್ಷಗಳ ಬಾಗಿಲು ತಟ್ಟಬೇಕಾಗಿತ್ತು. ನಾನು ಮುಖ ಸಣ್ಣ ಮಾಡಿ, "ಬೇಜಾರು ಮಾಡಬೇಡಿ ಸರ್," ಅಂದೆ. ಅವರು, "ನನ್ನದು ನಾನು ಹೇಳಿದೆ, ಸಾಕು," ಎಂದರು.

ನಾಲ್ಕು ದಿನ ಬಿಟ್ಟು ಹಾಜಿಯವರು ಕರೆಕಳಿಸಿದರು. ಹೋದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅದೇ ಕವರು.

"ತಕ್ಕೊಳ್ಳಲಿಲ್ಲ ಮಾರಾಯ," ಎಂದರು. ಅವರ ಧ್ವನಿಯಲ್ಲಿ ನನಗಿಂತ ಹೆಚ್ಚು ಬೇಸರವಿತ್ತು. "ಒಂದು ದಿವಸ ಇಡೀ ಹೋಯ್ತು. ರೈಲಿನಲ್ಲಿ ಹೋದೆ, ಕೋರ್ಟಿನ ಹಾಗಿರುವ ದೊಡ್ಡ ಕಟ್ಟಡ, ಹುಡುಕಿ ಹುಡುಕಿ ಹೋದೆ. ಒಬ್ಬಳು ಹೆಣ್ಣುಮಗಳು ಬಂದು ಇಂಗ್ಲಿಷಿನಲ್ಲಿ, ಇದು ಅಂಚೆಯಲ್ಲೇ ಬರಬೇಕು, ಓಟು ಹಾಕಿದವನಿರುವ ಊರಿನ ಠಸ್ಸೆ ಬೇಕು, ಕೈಯಲ್ಲಿ ತಂದದ್ದು ನಡೆಯುವುದಿಲ್ಲ ಅಂದಳು. ನಾನು ಹೇಳಿದೆ, ಅಮ್ಮಾ, ಸಮುದ್ರ ದಾಟಿ ಎದೆಗೆ ಕಟ್ಟಿಕೊಂಡು ತಂದಿದ್ದೇನೆ, ಠಸ್ಸೆಯನ್ನು ನಂಬುತ್ತೀ, ಮನುಷ್ಯನನ್ನು ನಂಬುವುದಿಲ್ಲವಾ? ಪಾಪ, ಅವಳಿಗೆ ನನ್ನ ಭಾಷೆ ಬರಬೇಕಲ್ಲ. ನಗಾಡಿ ವಾಪಸು ಕೊಟ್ಟಳು."

"ಅಲ್ಲೇ ಎಲ್ಲಾದರೂ ಬಿಸಾಡಬಹುದಿತ್ತಲ್ಲ ಹಾಜಿಯವ್ರೇ," ಅಂದೆ. ಬಾಯಿಂದ ಹೊರಟೇಹೋಯಿತು.

ಅವರು ನನ್ನನ್ನೇ ನೋಡಿದರು. "ಅಮಾನತ್ತು ಅದು, ನಂಬಿ ಕೈಗೆ ಕೊಟ್ಟದ್ದು. ಬಿಸಾಡಲಿಕ್ಕೆ ಉಂಟಾ? ಅವರಿಗೆ ಕೊಟ್ಟು ಹೀಗೆ ಹೀಗೆ ಆಯ್ತು ಅಂತ ಹೇಳು. ತಪ್ಪು ನನ್ನ ಮೇಲೆ ಹಾಕು, ಅಡ್ಡಿಲ್ಲ."

ಒಂದು ವಾರ ಬಿಟ್ಟು ಸಿಕ್ಕಾಗ, "ಹೇಳಿದೆಯಾ?" ಎಂದರು. "ಹೇಳಿದೆ. ಪರವಾಗಿಲ್ಲ ಅಂದ್ರು," ಅಂದೆ. ಒಂದು ಓಟಿಗೆ ಎರಡು ಸುಳ್ಳಾಯಿತು.

ಕವರು ನನ್ನ ಮಂಚದ ಕೆಳಗಿನ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಲ್ಲಿ ಕೂತಿತು. ಮೇ ತಿಂಗಳಲ್ಲಿ ನಮ್ಮ ದೇಶದ್ದೂ ಚುನಾವಣೆ ಮುಗಿದು ತಮ್ಮನ ಕಾಗದ ಬಂತು. ನಿನ್ನ ಓಟು ಹಾಕಿದ್ದೇನೆ, ಈ ಸಲ ಬೆರಳ ಶಾಯಿ ಉಜ್ಜಲು ನಿಂಬೆಹಣ್ಣೇ ಬೇಕಾಯಿತು ಎಂದು ಬರೆದಿದ್ದ. ಬೇರೆ ಸಮಯದಲ್ಲಾಗಿದ್ದರೆ ರೂಮಿನವರಿಗೆಲ್ಲ ಓದಿ ಹೇಳಿ ನಗುತ್ತಿದ್ದೆ. ಅಂದು ನಗು ಬರಲಿಲ್ಲ. ಟ್ರಂಕಿನ ಕಡೆಗೇ ಕಣ್ಣು ಹೋಗುತ್ತಿತ್ತು.

ಆ ಶುಕ್ರವಾರ ರೂಮಿನವರೆಲ್ಲ ಕ್ರಿಕೆಟ್ಟಿಗೆ ಹೋಗಿದ್ದರು. ಗಂಜಿ ಒಲೆಯ ಮೇಲೆ ಕುದಿಯುತ್ತಿತ್ತು. ನಾನು ಕವರನ್ನು ತೆಗೆದು ಗಂಜಿಯ ಹಬೆಗೆ ಹಿಡಿದೆ. ಯಾಕೆ ಹಿಡಿದೆ ಎಂದು ಕೇಳಿದರೆ ಇಂದಿಗೂ ನೇರವಾದ ಉತ್ತರ ಇಲ್ಲ. ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಆರಿಸಿದ್ದು ಯಾವುದು ಎಂಬ ಕೆಟ್ಟ ಕುತೂಹಲ ಇತ್ತು. ಗೆದ್ದವರಿಗೇ ಹಾಕಿದ್ದರೆ ನನ್ನಿಂದ ನಷ್ಟವಿಲ್ಲವಲ್ಲ ಎಂಬ ಲೆಕ್ಕಾಚಾರವೂ ಇತ್ತು. ದೊಡ್ಡ ಕವರು ಸುಲಭವಾಗಿ ಬಿಟ್ಟುಕೊಂಡಿತು. ಒಳಗಿನ ಸಣ್ಣದು ಬಿಡಲಿಲ್ಲ, ಎಳೆದಾಗ ಹರಿಯಿತು.

ಒಳಗೆ ಏನೂ ಇರಲಿಲ್ಲ.

ಬೋರಲು ಹಾಕಿ ಕೊಡವಿದೆ. ಬೆರಳು ಹಾಕಿ ನೋಡಿದೆ. ಖಾಲಿ. ನನಗೆ ಎಂಥ ಖುಷಿಯಾಯಿತು ಎಂದರೆ ಒಬ್ಬನೇ ಗಟ್ಟಿಯಾಗಿ ನಕ್ಕೆ. ಅಯ್ಯೋ ಮಾರಾಯ, ಚೀಟಿ ಹಾಕಲೇ ಮರೆತಿದ್ದಾರೆ! ಬಾಯಿಬಿಟ್ಟರೆ ಅಪ್ಪ, ಜೈಲು, ಮದುವೆಯ ಕೋಟು, ಮಾಡಿದ್ದು ಮಾತ್ರ ಇದು! ಮೂರು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿ ಹೋಯಿತು. ಇಲ್ಲದ ಓಟನ್ನು ನಾನು ಹಾಳು ಮಾಡುವುದಾದರೂ ಹೇಗೆ?

ಮರುದಿನದಿಂದ ನನ್ನ ಠೀವಿಯೇ ಬದಲಾಯಿತು. ಒಂದು ದಿನ ಅವರು ಯಾವುದೋ ಫೈಲಿನಲ್ಲಿ ಪುಟ ಬಿಟ್ಟುಹೋಗಿದೆ ಎಂದು ಗದರಿದಾಗ, ನಾನು ಟೈಪಿಸ್ಟನ ಕಡೆ ತಿರುಗಿ ತುಳುವಿನಲ್ಲಿ, ದೊಡ್ಡ ಮಾತಿನವರ ಕವರು ಖಾಲಿ ಎಂದೆ. ಟೈಪಿಸ್ಟ್ ಅರ್ಥವಾಗದಿದ್ದರೂ ನಕ್ಕ. ಇಂಜಿನಿಯರ್ ಕೂಡ ಏನೋ ತಮಾಷೆ ಇರಬೇಕೆಂದು ನಮ್ಮ ಜೊತೆ ನಕ್ಕರು.

ಜೂನಿನಲ್ಲಿ ಹೊಸ ಸ್ಯಾಂಪಲ್‌ಗಳು ಬಂದವು. ಹೊರಗೆ ಬೆಂಕಿಯಂಥ ಬಿಸಿಲು. ಅವರು ಎಂದಿನಂತೆ ಪತ್ರಿಕೆಗಳನ್ನು ಬಿಡಿಸಿ ಉಜ್ಜುತ್ತ ಕೂತಿದ್ದವರು ಒಮ್ಮೆಲೇ, "ಬಾ ಇಲ್ಲಿ!" ಎಂದು ಕೂಗಿದರು. ಚುನಾವಣೆಯ ಪೂರ್ತಿ ಫಲಿತಾಂಶದ ಪುಟ ಒಂದು ನೀಲಿ ಟೈಲಿಗೆ ಸುತ್ತಿಕೊಂಡು ಬಂದಿತ್ತು. ಉದ್ದಕ್ಕೆ ಪಕ್ಷಗಳ ಹೆಸರು, ಎದುರಿಗೆ ಅಂಕೆ. ಅವರು ಮೇಲಿನದ್ಯಾವುದನ್ನೂ ನೋಡದೆ ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ನಾನಿದ್ದೇನೆ."

"ಇದು ಯಾವ ಪಕ್ಷ ಸರ್?"

"ಪಕ್ಷ ಅಲ್ಲ. ಖಾಲಿ ಕವರು ಹಾಕಿದವರು."

ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಅವರ ಎದುರು ನಾನು ಅದುವರೆಗೆ ಕೂತಿದ್ದೇ ಇಲ್ಲ.

"ನಮ್ಮಲ್ಲಿ ಖಾಲಿ ಕವರನ್ನೂ ಎಣಿಸುತ್ತಾರೆ, ಹಬೀಬಿ. ಬೇರೆಯೇ ಬರೆದಿಡುತ್ತಾರೆ. ಮನೆಯಲ್ಲಿ ಕೂತವನು ಬೇರೆ, ಖಾಲಿ ಹಾಕಿದವನು ಬೇರೆ. ಬಂದಿದ್ದೇನೆ, ಸಾಲಿನಲ್ಲಿ ನಿಂತಿದ್ದೇನೆ, ನಿಮ್ಮಲ್ಲಿ ಯಾರಿಗೂ ಕೊಡುವುದಿಲ್ಲ ಅಂತ ಹೇಳಿದ ಹಾಗೆ." ಆಮೇಲೆ ನಿಧಾನವಾಗಿ ಹೇಳಿದರು. ಅಪ್ಪನ ಪಕ್ಷ ಹದಿಮೂರು ವರ್ಷ ಕುರ್ಚಿಯಲ್ಲಿ ಕೂತು ಕೂತು ಕೊಳೆತಿತ್ತು. ಪೊಲೀಸರ ಮೇಲಧಿಕಾರಿಯೇ ದುಡ್ಡು ಬಾಚಿಕೊಂಡು ದೇಶ ಬಿಟ್ಟು ಓಡಿದ್ದ. ಸರಕಾರದ ಒಳಗಿನವರೇ ಗುಟ್ಟಾಗಿ ಕೊಲೆ ಮಾಡಿಸಿದರೆಂದು ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿತ್ತು. "ಅವರಿಗೆ ಹಾಕಲು ಕೈ ಬರಲಿಲ್ಲ. ಆ ಕಡೆಯವರಿಗೆ ಹಾಕಲೇ? ಅಪ್ಪನನ್ನು ಜೈಲಿಗೆ ಹಾಕಿದ ಸರಕಾರದ ಮಂತ್ರಿಯೊಬ್ಬ ಕಟ್ಟಿದ ಪಕ್ಷದಿಂದ ಬಂದವರು ಅವರು. ಕಮ್ಯುನಿಸ್ಟರ ಜೊತೆ ಅಪ್ಪ ಜೈಲಿನಲ್ಲೇ ಜಗಳವಾಡಿದ್ದ. ಎಲ್ಲ ಚೀಟಿಗಳನ್ನೂ ಎದುರಿಗಿಟ್ಟುಕೊಂಡು ಅತ್ತೆ, ನಿಜ ಹೇಳುತ್ತೇನೆ. ಆಮೇಲೆ ಎಲ್ಲವನ್ನೂ ಹರಿದೆ."

"ಅಮ್ಮನಿಗೆ ಗೊತ್ತಾ ಸರ್?" ಎಂದೆ. ಏನಾದರೂ ಕೇಳಬೇಕಲ್ಲ.

"ಅಮ್ಮನಿಗೆ ಅಪ್ಪನ ಪಕ್ಷಕ್ಕೇ ಹಾಕಿದೆ ಅಂದಿದ್ದೇನೆ. ಸುಳ್ಳು. ಹೆಂಡತಿಗೂ ಹೇಳಿಲ್ಲ. ಯಾರಿಗಾದರೂ ಹೇಳಬೇಕಿತ್ತು, ನಿನಗೆ ಹೇಳಿದೆ. ಕಳಿಸಿದವನು ನೀನೇ ಅಲ್ಲವಾ."

ಅದೇ ಗಳಿಗೆಯಲ್ಲಿ ಹೇಳಬೇಕಿತ್ತು. "ಸರ್," ಅಂದೆ. "ಏನು?" ಎಂದರು. "ಚಹಾ ತರಲಾ?" ಅಂದೆ. ಥೂ ನನ್ನ ಜನ್ಮಕ್ಕೆ.

ಅವರು ಪೆನ್ಸಿಲಿನಿಂದ ಆ ಸಾಲಿನ ಕೆಳಗೆ ಗೆರೆ ಎಳೆದು, ಪುಟವನ್ನು ಚೌಕಾಗಿ ಕತ್ತರಿಸಿ, ಮೇಜಿನ ಮೇಲಿನ ಗಾಜಿನ ಅಡಿಯಲ್ಲಿ ಇಟ್ಟರು. ಮಗಳ ಫೋಟೊ ಒಂದು ಪಕ್ಕಕ್ಕೆ, ಇದು ಇನ್ನೊಂದು ಪಕ್ಕಕ್ಕೆ. ಎರಡು ವರ್ಷ ಅದು ಅಲ್ಲಿತ್ತು. ಸಹಿಗೆ ಕಾಗದ ಇಡುವಾಗ, ಚಹಾ ಇಡುವಾಗ, ದಿನಕ್ಕೆ ಹತ್ತು ಸಲ ಆ ಗೆರೆ ನನ್ನ ಕಣ್ಣಿಗೆ ಬೀಳುತ್ತಿತ್ತು. ಫೈಲನ್ನು ಬೇಕೆಂದೇ ಅದರ ಮೇಲೆ ಇಡುತ್ತಿದ್ದೆ. ಅವರು ಓದಿ ಎತ್ತಿದರೆ ಮತ್ತೆ ಗೆರೆ. ಊರಿಂದ ಹಲ್ವ ಬಂದರೆ ಮೊದಲ ಪಾಲು ಅವರಿಗೆ, ಅವರ ಕಾಗದ ಬಂದರೆ ಬಿಸಿಲಲ್ಲೇ ಓಡಿ ತಂದುಕೊಡುವುದು. ಅವರು ಅದನ್ನು ಪ್ರೀತಿ ಎಂದುಕೊಂಡರು. ಒಮ್ಮೆ ಬೇರೆಯವರ ಎದುರು, "ಈ ಆಫೀಸಿನಲ್ಲಿ ತಟ್ಟಿ ನೋಡಬೇಕಾಗಿಲ್ಲದವನು ಇವನೊಬ್ಬನೇ," ಎಂದರು. ಎಲ್ಲಿ ಮುಖ ಮುಚ್ಚಿಕೊಳ್ಳಲಿ ನಾನು?

ತೊಂಬತ್ತೆಂಟರಲ್ಲಿ ಅವರ ಕರಾರು ಮುಗಿಯಿತು. ಹೊರಡುವ ದಿನ ಬೆಳಿಗ್ಗೆ ಟ್ರಂಕಿನಿಂದ ಕವರು ತೆಗೆದು ಅಂಗಿಯ ಒಳಗೆ ಹಾಕಿಕೊಂಡು ಹೋದೆ. ಹೇಳದೆ ಕಳಿಸಿದರೆ ಇನ್ನು ಸಾಯುವ ತನಕ ಇದು ನನ್ನ ಜೊತೆಗೇ ಎಂದು ಗೊತ್ತಿತ್ತು. ಕೇಕು ಕತ್ತರಿಸಿ ಎಲ್ಲರೂ ಹೋದ ಮೇಲೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿ, ಕವರನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದೆ. ಡ್ರಾಯರು, ಹಬ್ಬದ ರಜೆ, ಹಾಜಿಯವರು, ಇಲ್ಲದ ರಸೀದಿ. ಹೇಳುತ್ತ ಹೇಳುತ್ತ ಅಳುವೇ ಬಂತು.

ಹಾಜಿಯವರು ರೈಲಿನಲ್ಲಿ ಹೋದ ಮಾತು ಬಂದಾಗ ಇಂಜಿನಿಯರ ತುಟಿಯಲ್ಲಿ ಸಣ್ಣ ನಗುವೂ ಬಂತು. "ಒಳ್ಳೆಯ ಮನುಷ್ಯ," ಎಂದರು. ಕ್ಷಮಿಸಿಬಿಟ್ಟರು ಎಂದು ನನ್ನ ಜೀವ ಹಗುರಾಗುತ್ತಿತ್ತು. ಆಗ ಅವರು ದೊಡ್ಡ ಕವರಿನಿಂದ ಸಣ್ಣದನ್ನು ಹೊರತೆಗೆದರು. ಹರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದನ್ನು ಅಲ್ಲಿಯವರು ತೆರೆದರಾ?"

"ಇಲ್ಲ ಸರ್."

"ಹಾಜಿ?"

ಹೌದು ಅಂದುಬಿಡಬಹುದಿತ್ತು. ತಪ್ಪು ನನ್ನ ಮೇಲೆ ಹಾಕು ಎಂದು ಹಾಜಿಯವರೇ ಹೇಳಿದ್ದರಲ್ಲ. "ಇಲ್ಲ," ಅಂದೆ. "ನಾನು."

"ಯಾವಾಗ?"

"ಮೇ ತಿಂಗಳಲ್ಲಿ."

ಅವರು ಸಣ್ಣ ಕವರನ್ನು ಕೆಳಗಿಟ್ಟರು. "ಅಂಚೆಗೆ ಹಾಕಲು ಮರೆಯುವುದು ಯಾರಿಗೂ ಆಗುತ್ತದೆ," ಎಂದರು. "ಆದರೆ ಜೂನಿನಲ್ಲಿ ನಾನು ಹೇಳುವಾಗ ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಎದುರಿಗೆ ಕೂತು ಕೇಳಿದೆ."

ಅವರು ಕವರನ್ನು ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ಮೇಜಿನ ಕಡೆ ಕೈ ತೋರಿಸಿ, "ಗಾಜು ಎತ್ತು," ಎಂದರು. ಭಾರದ ಗಾಜು, ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವರು ಮಗಳ ಫೋಟೊ ತೆಗೆದರು, ವಿಸಿಟಿಂಗ್ ಕಾರ್ಡುಗಳನ್ನು ತೆಗೆದರು, ಪತ್ರಿಕೆಯ ಚೌಕವನ್ನು ತೆಗೆದರು.

"ರಬ್ಬರ್ ಎಲ್ಲಿದೆ?"

"ಡ್ರಾಯರಿನಲ್ಲಿ ಸರ್."

ಅವರು ಆ ಪೆನ್ಸಿಲ್ ಗೆರೆಯನ್ನು ಅಳಿಸಿದರು. ಹಳೆಯ ಕಾಗದ ಹರಿಯದ ಹಾಗೆ, ಒಂದು ಕೈಯಿಂದ ಒತ್ತಿ ಹಿಡಿದು, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಳಿಸಿ, ಪುಡಿಯನ್ನು ಊದಿದರು. ನಾನು ಗಾಜು ಹಿಡಿದು ನಿಂತೇ ಇದ್ದೆ. ಕಾಗದವನ್ನು ಅವರು ಬ್ಯಾಗಿಗೆ ಹಾಕಲಿಲ್ಲ. ಇದ್ದ ಜಾಗದಲ್ಲೇ ಮತ್ತೆ ಇಟ್ಟರು.

"ಇಳಿಸು," ಎಂದರು.

ಇಳಿಸಿದೆ.